ರುಜು ಇಲ್ಲದ ಒಂದು ನಕಲು

ಕಾನೂನು ಕಾಲೇಜುಗಳಲ್ಲಿ ಹೊಸ್ಕೋಟ್ ಪ್ರಕರಣವನ್ನು ಉಚಿತ ಕಾನೂನು ನೆರವಿನ ಪ್ರಕರಣವೆಂದು ಕಲಿಸುತ್ತಾರೆ. ಪರೀಕ್ಷೆಗೆ ಬೇಕಾದಷ್ಟು ಸಂಗತಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: 1978ರ ಆಗಸ್ಟ್, ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, ಬಡ ಕೈದಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ. ನನ್ನನ್ನು ಹೆಚ್ಚು ಕಾಡುವುದು ಆ ತೀರ್ಪಿನ ಮೊದಲ ಭಾಗ. ಅಲ್ಲಿ ಒಬ್ಬ ಕೈದಿ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ ಕೋರ್ಟಿನ ಬಾಗಿಲಿಗೆ ಬಂದಿದ್ದಾನೆ. ಯಾಕೆ ತಡವಾಯಿತು ಎಂಬ ಪ್ರಶ್ನೆಯನ್ನು ಒಂದು ರುಜು ತೀರ್ಮಾನಿಸಬಹುದಿತ್ತು. ಆ ರುಜು ಎಲ್ಲಿಯೂ ಇರಲಿಲ್ಲ.

ಪ್ರಕರಣದ ಹಿನ್ನೆಲೆಯಲ್ಲಿ ನಮ್ಮ ಧಾರವಾಡವಿದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಒಬ್ಬರು ಮುಂಬಯಿಯ ಒಬ್ಬ ಬ್ಲಾಕ್ ತಯಾರಕನ ಅಂಗಡಿಗೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಉಬ್ಬು ಮುದ್ರೆಯೊಂದನ್ನು ಮಾಡಿಕೊಡಲು ಹೇಳಿದರು ಎಂಬುದು ಆರೋಪ. ಅದಕ್ಕೆ ಆಧಾರವಾಗಿ ಅವರು ತೋರಿಸಿದ ಅಧಿಕಾರಪತ್ರದಲ್ಲಿ ಕುಲಪತಿಗಳ ಆಪ್ತ ಸಹಾಯಕರ ರುಜು ಇತ್ತಂತೆ; ಅದು ನಕಲಿ ರುಜು. ಹುನ್ನಾರ ಇದ್ದದ್ದು ಸುಳ್ಳು ಪದವಿ ಪತ್ರಗಳನ್ನು ತಯಾರಿಸುವುದಕ್ಕೆ. ಸೆಷನ್ಸ್ ಕೋರ್ಟು ತಪ್ಪಿತಸ್ಥನೆಂದು ಹೇಳಿತು. ಆದರೆ ಕೊಟ್ಟ ಶಿಕ್ಷೆ ಆ ದಿನ ಕೋರ್ಟು ಏಳುವವರೆಗಿನ ಸೆರೆ, ಜೊತೆಗೊಂದಿಷ್ಟು ದಂಡ. ಓದಿದವನು, ಮೇಷ್ಟ್ರು, ಹೋಗಲಿ ಬಿಡಿ ಎನ್ನುವ ಧಾಟಿ. ಸರ್ಕಾರ ಸುಮ್ಮನಿರದೆ ಬಾಂಬೆ ಹೈಕೋರ್ಟಿಗೆ ಹೋಯಿತು. 1973ರ ನವೆಂಬರಿನಲ್ಲಿ ಹೈಕೋರ್ಟು ಆ ಶಿಕ್ಷೆಯನ್ನು ಮೂರು ವರ್ಷಗಳ ಕಠಿಣ ಸೆರೆವಾಸಕ್ಕೆ ಏರಿಸಿತು.

ಇನ್ನು ಉಳಿದದ್ದು ಸುಪ್ರೀಂ ಕೋರ್ಟು. ಅಲ್ಲಿಗೆ ವಿಶೇಷ ಅನುಮತಿ ಕೋರಿ ಹೋಗಲು ಕಾಯಿದೆ ಕೊಡುವುದು ಹೆಚ್ಚೆಂದರೆ 90 ದಿನ. ಈತನ ಅರ್ಜಿ ಹೋದದ್ದು ನಾಲ್ಕು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಮೂರು ವರ್ಷದ ಶಿಕ್ಷೆಯನ್ನು ಪೂರ್ತಿ ಅನುಭವಿಸಿಯೂ ಆಗಿತ್ತು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಆತನ ಉತ್ತರ ಒಂದೇ: ತೀರ್ಪಿನ ನಕಲು ನನ್ನ ಕೈಗೆ ಬರಲಿಲ್ಲ.

ಹೈಕೋರ್ಟು ಉಚಿತ ನಕಲನ್ನು ಪುಣೆಯ ಯೆರವಡಾ ಕೇಂದ್ರ ಕಾರಾಗೃಹದ ಸೂಪರಿಂಟೆಂಡೆಂಟರಿಗೆ ಕಳಿಸಿದ್ದು ನಿಜ. ಕೈದಿಗೆ ಕೊಟ್ಟಿದ್ದೇವೆ ಎಂದು ಜೈಲು ಹೇಳಿತು. ಕೊಟ್ಟಿಲ್ಲ ಎಂದು ಕೈದಿ ಹೇಳಿದ. ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಕೈದಿಯ ಸಹಿ ಇದ್ದ ಒಂದು ಚೀಟಿಯೂ ಇರಲಿಲ್ಲ. ಸುಳ್ಳು ರುಜು ಮಾಡಿಸಿದ್ದಕ್ಕೆ ಒಳಗೆ ಹೋದವನು, ಒಳಗೆ ಹೋದ ಮೇಲೆ ನಿಜವಾದ ರುಜುವೊಂದನ್ನು ಯಾರೂ ಹಾಕಿಸಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಕಾನೂನಿನ ಇತಿಹಾಸ ಸೇರಿದ. ಕಥೆಗಾರನೊಬ್ಬ ಇದನ್ನು ಹೆಣೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಒಂದು ನಕಲಿಗೆ ಇಷ್ಟೇಕೆ ಮಹತ್ವ ಎಂದು ಕೋರ್ಟಿನ ಮೆಟ್ಟಿಲು ಹತ್ತದವರಿಗೆ ಅನ್ನಿಸಬಹುದು. ಅಪೀಲು ಎಂದರೆ ಕೆಳಗಿನ ಕೋರ್ಟು ಎಲ್ಲಿ ತಪ್ಪಿತು ಎಂದು ತೋರಿಸುವ ಬರಹ. ಅದನ್ನು ಬರೆಯಬೇಕಾದರೆ ಕೆಳಗಿನ ಕೋರ್ಟು ಏನು ಹೇಳಿತು ಎಂಬುದು ಕೈಯಲ್ಲಿರಬೇಕು. ಅಪೀಲಿನ ಜೊತೆ ತೀರ್ಪಿನ ದೃಢೀಕೃತ ಪ್ರತಿಯನ್ನು ಲಗತ್ತಿಸಲೂಬೇಕು. ದಿನಗಳ ಲೆಕ್ಕವಾದರೋ ತೀರ್ಪು ಹೊರಬಿದ್ದಲ್ಲಿಂದಲೇ ಶುರುವಾಗುತ್ತದೆ. ನಕಲು ಪಡೆಯಲು ಬೇಕಾದ ಕಾಲವನ್ನು ಆ ಲೆಕ್ಕದಿಂದ ಕಳೆಯಬೇಕೆಂದು ಲಿಮಿಟೇಶನ್ ಕಾಯಿದೆಯ 12ನೇ ಕಲಮು ಹೇಳುತ್ತದೆ, ಸರಿ. ಆದರೆ ನಕಲು ಜೈಲಿನ ಕಚೇರಿಗೆ ಬಂದು ಯಾವುದೋ ಕಪಾಟಿನಲ್ಲಿ ಕೂತರೆ ಆ ದಿನಗಳು ಯಾರ ಖಾತೆಗೆ? ಹೊರಗಿರುವ ಕಕ್ಷಿದಾರ ನಕಲು ಶಾಖೆಯ ಕಿಟಕಿಗೆ ಹೋಗಿ ಕೇಳಬಹುದು, ಗುಮಾಸ್ತರನ್ನು ಗೋಗರೆಯಬಹುದು, ಇಲ್ಲವೇ ವಕೀಲರಿಗೆ ಮೂರು ಸಲ ಫೋನು ಮಾಡಬಹುದು. ಒಳಗಿರುವವನ ಪಾಲಿಗೆ ಕಿಟಕಿ, ಗುಮಾಸ್ತ, ಟಪಾಲು ಎಲ್ಲವೂ ಜೈಲೇ.

ಅವನ ದಿನಗಳು ಹೇಗೆ ಕರಗುತ್ತವೆ ಎಂಬುದನ್ನು ಕಾಯಿದೆ ಪುಸ್ತಕಗಳು ಹೇಳುವುದಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ವಾದಿಸಿದ ವಕೀಲರ ಕೆಲಸ ತೀರ್ಪಿನೊಂದಿಗೆ ಮುಗಿದಿರುತ್ತದೆ. ಹೈಕೋರ್ಟಿಗೆ ಬೇರೆ ವಕೀಲರನ್ನು ಹುಡುಕಬೇಕು, ಹುಡುಕಬೇಕಾದವರು ಮನೆಯವರು, ಮನೆಯವರಿಗೆ ಜೈಲಿಗೆ ಬರಲು ಬಸ್ ಚಾರ್ಜು ಹೊಂದಬೇಕು. ವಕಾಲತ್ತಿಗೆ ಕೈದಿಯ ಸಹಿ ಅಥವಾ ಹೆಬ್ಬೆಟ್ಟು ಬೇಕು, ಅದನ್ನು ಜೈಲಿನ ಅಧಿಕಾರಿ ದೃಢೀಕರಿಸಬೇಕು. ನಡುವೆ ಬೇರೆ ಜೈಲಿಗೆ ವರ್ಗವಾದರೆ ಕಾಗದಗಳು ಅವನ ಹಿಂದೆಯೇ ಓಡುತ್ತಾ ಬರಬೇಕು. ಇವುಗಳಲ್ಲಿ ಯಾವುದನ್ನೂ ಅವನು ಎದ್ದು ಹೋಗಿ ಮಾಡಲಾರ.

ಇದನ್ನು ವಸಾಹತು ಕಾಲದ ಕಾಯಿದೆಗಾರರು ತಿಳಿಯದವರೇನಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 420ನೇ ಕಲಮು ಸರಳವಾಗಿತ್ತು: ಅಪೀಲುದಾರ ಜೈಲಿನಲ್ಲಿದ್ದರೆ ಅರ್ಜಿಯನ್ನೂ ನಕಲುಗಳನ್ನೂ ಜೈಲಿನ ಉಸ್ತುವಾರಿ ಅಧಿಕಾರಿಗೆ ಕೊಡಬಹುದು, ಆತ ಅದನ್ನು ತಕ್ಕ ಕೋರ್ಟಿಗೆ ಮುಟ್ಟಿಸಬೇಕು. ಇದೇ ಮುಂದೆ ‘ಜೈಲು ಅಪೀಲು’ ಎಂದು ರೂಢಿಯಾದದ್ದು. 1973ರ ಸಂಹಿತೆಯಲ್ಲಿ ಅದು 383ನೇ ಕಲಮಾಯಿತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 424ನೆಯದು. ಸಂಖ್ಯೆ ಬದಲಾಗಿದೆ, ಮಾತು ಹೆಚ್ಚುಕಡಿಮೆ ಅದೇ. ಆ ಮಾತನ್ನು ನಾನು ಓದುವುದು ಹೀಗೆ: ಕೈದಿಯ ಮಟ್ಟಿಗೆ ಜೈಲರನ ಮೇಜೇ ಕೋರ್ಟಿನ ಕೌಂಟರು. ಆದರೆ ಆ ಮೇಜಿನಿಂದ ಅರ್ಜಿ ಎಷ್ಟು ದಿನದೊಳಗೆ ಹೊರಡಬೇಕು ಎಂಬ ಅಂಕಿ ಮಾತ್ರ ಆ ಕಲಮಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಕೈದಿಗೆ ಕೊಟ್ಟ ಗಡುವಿನಲ್ಲಾದರೂ ಅಂಕಿ ಇತ್ತು, ಅದೂ ಬಲು ಬಿಗಿಯಾದದ್ದು. 1908ರ ಲಿಮಿಟೇಶನ್ ಕಾಯಿದೆಯ ಅನುಸೂಚಿಯನ್ನು ತೆರೆದು ನೋಡಿ. ಸಾಮಾನ್ಯ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ, ಕೆಳಗಿನ ಬೇರೆ ಕೋರ್ಟಿಗೆ 30 ದಿನ. ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿದ್ದರೆ? 7 ದಿನ. ಆರು ತಿಂಗಳ ಸಜೆಗೆ ತಿಂಗಳುಗಟ್ಟಲೆ ಕಾಲಾವಕಾಶ, ಪ್ರಾಣ ಹೋಗುವ ಸಜೆಗೆ ಒಂದು ವಾರ. ಇದನ್ನು ಕ್ರೌರ್ಯ ಎಂದು ಒಂದೇ ಪದದಲ್ಲಿ ಮುಗಿಸುವುದು ಸರಿಯಾಗದು. ಗಲ್ಲು ಶಿಕ್ಷೆಗೆ ಹೈಕೋರ್ಟಿನ ಸ್ಥಿರೀಕರಣ ಬೇಕೇ ಬೇಕಿತ್ತು, ಕೈದಿ ಅಪೀಲು ಹಾಕಲಿ ಬಿಡಲಿ ಕಡತ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಬೇಗ ಹೋಗಲಿ, ಬೇಗ ಇತ್ಯರ್ಥವಾಗಲಿ ಎಂಬುದು ಲೆಕ್ಕಾಚಾರ. ಆದರೂ ತನ್ನ ಮಾತನ್ನು ತಾನೇ ಹೇಳಿಕೊಳ್ಳಬೇಕಾದವನಿಗೆ ಸಿಕ್ಕದ್ದು ಏಳು ದಿನ. ಗಲ್ಲು ವಿಧಿಸಿದ ಜಡ್ಜೇ ಆ ಅವಧಿಯನ್ನು ಕೈದಿಗೆ ತಿಳಿಸಬೇಕೆಂದೂ ಸಂಹಿತೆ ಹೇಳಿತ್ತು. ನಿನ್ನನ್ನು ಗಲ್ಲಿಗೇರಿಸಲಾಗುವುದು ಎಂದ ಬಾಯಿಂದಲೇ, ನಿನಗೆ ಏಳು ದಿನವಿದೆ ಎಂಬ ಮಾತೂ ಬರಬೇಕು. ಆ ಕ್ಷಣದಲ್ಲಿ ಎರಡನೆಯ ಮಾತು ಎಷ್ಟು ಜನರ ಕಿವಿಗೆ ಬಿದ್ದಿತ್ತೋ.

ಇಂಗ್ಲೆಂಡಿನ ಸ್ಥಿತಿ ಇದಕ್ಕಿಂತ ವಿಚಿತ್ರ. ಅಲ್ಲಿ ಕ್ರಿಮಿನಲ್ ಅಪೀಲು ಕೋರ್ಟು ಹುಟ್ಟಿದ್ದೇ 1907ರ ಕಾಯಿದೆಯಿಂದ, ಅಂದರೆ ನಮ್ಮ ಸಂಹಿತೆಗಳಲ್ಲಿ ಅಪೀಲಿಗೆ ಜಾಗ ಸಿಕ್ಕಿ ದಶಕಗಳು ಕಳೆದ ಮೇಲೆ. ಶಿಕ್ಷೆಯಾದ 10 ದಿನದೊಳಗೆ ನೋಟಿಸು ಕೊಡಬೇಕು. ತಡವಾದರೆ ಕೋರ್ಟು ಕಾಲ ವಿಸ್ತರಿಸಬಹುದು. ಇದಕ್ಕೆ ಒಂದೇ ವಿನಾಯಿತಿ, ಗಲ್ಲು ಶಿಕ್ಷೆಯಾದವರು. ಅವರಿಗೆ ಹತ್ತು ದಿನವೆಂದರೆ ಹತ್ತೇ ದಿನ, ಹನ್ನೊಂದನೆಯ ದಿನ ಬಂದರೆ ಕೋರ್ಟಿಗೂ ಅಧಿಕಾರವಿಲ್ಲ. ನಮ್ಮಲ್ಲಿ ಕನಿಷ್ಠ ವಿಳಂಬ ಮನ್ನಾ ಮಾಡುವ 5ನೇ ಕಲಮಿತ್ತು. ಏಳು ದಿನ 30 ದಿನವಾದದ್ದು 1963ರ ಲಿಮಿಟೇಶನ್ ಕಾಯಿದೆಯಲ್ಲಿ.

ಜೈಲರನ ಮೇಜೇ ಕೌಂಟರು ಎಂಬ ಮಾತಿಗೆ ಮತ್ತೆ ಬರುತ್ತೇನೆ. ನಮ್ಮಲ್ಲಿ ಕಲಮಿನ ರೂಪದಲ್ಲಿ ಸದ್ದಿಲ್ಲದೆ ಕೂತಿದ್ದ ಈ ವಿಚಾರಕ್ಕೆ ಅಮೆರಿಕದಲ್ಲಿ ಭಾರಿ ಜಗಳವೇ ನಡೆಯಿತು. ಆ ಜಗಳದ ಕಾಗದಪತ್ರಗಳು ಹೊಸ್ಕೋಟ್ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ನೆರವಾದವು.

1962ರ ಜನವರಿಯಲ್ಲಿ ಫಾಲನ್ ಎಂಬ ಕೈದಿಗೆ ಫೆಡರಲ್ ಕೋರ್ಟೊಂದು ಶಿಕ್ಷೆ ವಿಧಿಸಿತು. ಅಪೀಲಿನ ನೋಟಿಸಿಗೆ ಇದ್ದದ್ದು 10 ದಿನ. ಆತ ಜೈಲಿನಿಂದ ಬರೆದ ಪತ್ರದ ಮೇಲೆ ಜನವರಿ 23 ಎಂದಿತ್ತು, ಗಡುವಿನ ಒಳಗೇ. ಕೋರ್ಟಿನ ಗುಮಾಸ್ತರ ಕೈಗೆ ಅದು ಸೇರಿದ್ದು 29ರಂದು, ಗಡುವು ಮೀರಿ ನಾಲ್ಕು ದಿನಕ್ಕೆ. ಅಪೀಲು ಕೋರ್ಟು ತಡವಾಯಿತು ಎಂದು ಬಾಗಿಲು ಮುಚ್ಚಿತು. 1964ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ತೆರೆಸಿತು, ಆದರೆ ಆ ಪ್ರಕರಣದ ಮಟ್ಟಿಗೆ ಮಾತ್ರ. ನ್ಯಾಯಮೂರ್ತಿ ಸ್ಟೂವರ್ಟ್ ಪ್ರತ್ಯೇಕವಾಗಿ ಬರೆದು ಇನ್ನೊಂದು ಹೆಜ್ಜೆ ಮುಂದಿಟ್ಟರು: ವಕೀಲನಿಲ್ಲದ ಕೈದಿಯ ಪಾಲಿಗೆ ಜೈಲರನೇ ಕೋರ್ಟಿನ ಗುಮಾಸ್ತ ಇದ್ದಂತೆ, ಅವನ ಕೈಗೆ ಕೊಟ್ಟ ದಿನವೇ ಸಲ್ಲಿಸಿದ ದಿನ.

ಆ ಹೆಜ್ಜೆಯನ್ನು ಕೋರ್ಟು ಇಡೀಯಾಗಿ ಒಪ್ಪಿಕೊಂಡದ್ದು 1988ರ ಜೂನ್ 24ರಂದು, ಹೂಸ್ಟನ್ ವಿರುದ್ಧ ಲ್ಯಾಕ್ ಪ್ರಕರಣದಲ್ಲಿ. ಟೆನೆಸೀ ರಾಜ್ಯದ ಕೈದಿ ಹೂಸ್ಟನ್‌ಗೆ ವಕೀಲನಿರಲಿಲ್ಲ. 1986ರ ಜನವರಿ 7ರಂದು ಜಿಲ್ಲಾ ಕೋರ್ಟು ಆತನ ಅರ್ಜಿ ವಜಾ ಮಾಡಿತು. ಅಪೀಲಿಗೆ 30 ದಿನ. 27ನೆಯ ದಿನ ಆತ ನೋಟಿಸನ್ನು ಜೈಲಿನವರ ಕೈಗಿತ್ತ. ಕೋರ್ಟು ಅದಕ್ಕೆ ಮೊಹರು ಹಾಕಿದ್ದು 31ನೆಯ ದಿನ. ಒಂದು ದಿನ ತಡ. ಆ ಒಂದು ದಿನಕ್ಕಾಗಿ ಒಂಬತ್ತು ನ್ಯಾಯಮೂರ್ತಿಗಳು ಐದು ನಾಲ್ಕಾಗಿ ಒಡೆದರು.

ಬಹುಮತದ ಪರವಾಗಿ ಬ್ರೆನನ್ ಬರೆದದ್ದನ್ನು ಜೈಲಿನ ಬಗ್ಗೆ ಬರೆಯುವ ಯಾರಾದರೂ ಓದಬೇಕು. ಕೈದಿ ತಾನೇ ಕೋರ್ಟಿಗೆ ಹೋಗಿ ಮೊಹರು ಹಾಕಿಸಿಕೊಳ್ಳಲಾರ. ಟಪಾಲು ಮುಟ್ಟಿತೇ ಎಂದು ಫೋನು ಮಾಡಿ ವಿಚಾರಿಸಲಾರ. ಮುಟ್ಟಲಿಲ್ಲವೆಂದು ಗೊತ್ತಾದರೂ ಕೊನೆಯ ಗಳಿಗೆಯಲ್ಲಿ ಓಡಿಹೋಗಲಾರ. ತನ್ನ ಕಾಗದವನ್ನು ಅವನು ಒಪ್ಪಿಸಬೇಕಾದದ್ದು, ಅದು ತಡವಾಗಿ ಮುಟ್ಟಿದರೆ ಯಾರಿಗೆ ಅನುಕೂಲವೋ ಅವರ ಕೈಗೇ. ಇದಾದ ಮೇಲೆ ಬ್ರೆನನ್ ತೀರ ವ್ಯಾವಹಾರಿಕವಾದ ಒಂದು ಮಾತು ಹೇಳುತ್ತಾರೆ. ಜೈಲುಗಳು ಕೈದಿಗಳ ಟಪಾಲು ಬಂದದ್ದು ಹೋದದ್ದನ್ನು ದಿನಾಂಕದ ಸಮೇತ ಪುಸ್ತಕದಲ್ಲಿ ಬರೆದಿಡುತ್ತವೆ. ಆದ್ದರಿಂದ ಕೊಟ್ಟ ದಿನ ಯಾವುದೆಂಬ ವಿವಾದವನ್ನು ಆ ಪುಸ್ತಕವೇ ಬಗೆಹರಿಸುತ್ತದೆ. ಹೂಸ್ಟನ್‌ನ ಜೈಲಿನಲ್ಲಿ ಅಂಥ ಪುಸ್ತಕವಿತ್ತು, ಅದರಲ್ಲೊಂದು ನಮೂದಿತ್ತು. ಯೆರವಡಾದ ವಿವಾದದಲ್ಲಿ ಇಲ್ಲದೇ ಹೋದದ್ದು ಅಂಥದೇ ಒಂದು ಸಾಲು.

ಭಿನ್ನಮತ ಬರೆದ ಸ್ಕಾಲಿಯಾ ಅವರನ್ನು ಕಲ್ಲುಹೃದಯದವರೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ನಿಯಮದಲ್ಲಿ ಬರೆದಿರುವುದು ಗುಮಾಸ್ತರಿಗೆ ಸಲ್ಲಿಸಬೇಕು ಎಂದು. ಜೈಲರನಿಗೆ ಕೊಟ್ಟರೂ ಸಾಕು ಎಂಬುದು ಒಳ್ಳೆಯ ನಿಯಮವೇ ಇರಬಹುದು, ಹಾಗಿದ್ದರೆ ನಿಯಮವನ್ನು ತಿದ್ದಿ. ತೀರ್ಪಿನ ನೆಪದಲ್ಲಿ ಪದಗಳ ಅರ್ಥವನ್ನು ಹಿಗ್ಗಿಸಬೇಡಿ. ಅವರ ವಾದದ ಸಾರ ಇದು. 1993ರಲ್ಲಿ ನಿಯಮವನ್ನು ನಿಜಕ್ಕೂ ತಿದ್ದಿ ಬಹುಮತದ ಮಾತನ್ನು ಅದರೊಳಗೆ ಸೇರಿಸಿದರು. ನಮ್ಮ 1898ರ ಸಂಹಿತೆಯನ್ನು ಅವರು ಒಮ್ಮೆ ತಿರುವಿ ನೋಡಿದ್ದರೆ ಅಷ್ಟು ಶಾಯಿ ಉಳಿಯುತ್ತಿತ್ತೇನೋ ಎಂದು ತಮಾಷೆಗೆ ಅನ್ನಿಸುವುದುಂಟು.

ಜೈಲಿನ ಗೇಟಿನಲ್ಲಿ ಕಳೆದುಹೋದ ದಿನಗಳಿಗೆ ಹೀಗೊಂದು ದಾರಿ ಸಿಕ್ಕಿತು. ವಕೀಲರ ಕಚೇರಿಯಲ್ಲಿ, ಜಡ್ಜರ ಮೇಜಿನಲ್ಲಿ ಕಳೆದುಹೋಗುವ ದಿನಗಳಿಗೆ ಅದು ಸಿಗಲಿಲ್ಲ. ಹೂಸ್ಟನ್ ತೀರ್ಪು ಬಂದು ಸರಿಯಾಗಿ ಮೂರು ವರ್ಷಕ್ಕೆ, 1991ರ ಅದೇ ಜೂನ್ 24ರಂದು, ಅದೇ ಕೋರ್ಟು ರೋಜರ್ ಕೀತ್ ಕೋಲ್ಮನ್ ಎಂಬ ಕೈದಿಯ ಪ್ರಕರಣ ತೀರ್ಮಾನಿಸಿತು. ಕೋಲ್ಮನ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯವನು. ಅತ್ಯಾಚಾರ, ಕೊಲೆಯ ಅಪರಾಧಕ್ಕೆ ಮರಣದಂಡನೆಯಾಗಿತ್ತು. ರಾಜ್ಯದ ಕೋರ್ಟಿನಲ್ಲಿ ಆತನ ಪುನರ್‌ವಿಚಾರಣೆಯ ಅರ್ಜಿ ಬಿದ್ದುಹೋದಾಗ ಅಪೀಲಿನ ನೋಟಿಸಿಗೆ 30 ದಿನವಿತ್ತು. ವಕೀಲರು ಸಲ್ಲಿಸಿದ್ದು 33ನೆಯ ದಿನ. ರಾಜ್ಯದ ಕೋರ್ಟು ಅಪೀಲನ್ನು ನೋಡಲಿಲ್ಲ. ರಾಜ್ಯದಲ್ಲಿ ದಾರಿ ತಪ್ಪಿಸಿಕೊಂಡ ಅಂಶಗಳನ್ನು ತಾವೂ ನೋಡುವುದಿಲ್ಲ ಎಂದು ಫೆಡರಲ್ ಕೋರ್ಟುಗಳು ಹೇಳಿದವು.

ಆರು ಮೂರರ ಬಹುಮತದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಹಂತದಲ್ಲಿ ವಕೀಲನನ್ನು ಪಡೆಯುವ ಸಾಂವಿಧಾನಿಕ ಹಕ್ಕೇ ಕೈದಿಗೆ ಇಲ್ಲ, ಆದ್ದರಿಂದ ವಕೀಲರ ತಪ್ಪು ಕೈದಿಯ ತಪ್ಪೇ ಎಂಬುದು ತರ್ಕ. ಬಹುಮತದ ತೀರ್ಪು ಆರಂಭವಾಗುವುದೇ ಇದು ಒಕ್ಕೂಟ ವ್ಯವಸ್ಥೆಗೆ ಸಂಬಂಧಿಸಿದ ಪ್ರಕರಣ ಎಂಬ ಘೋಷಣೆಯಿಂದ. ಕೋಲ್ಮನ್ ಎಂಬ ಮನುಷ್ಯನ ಹಕ್ಕಿನ ಮಾತನ್ನು ಇದರಲ್ಲಿ ಎಷ್ಟು ಹುಡುಕಿದರೂ ಸಿಗದು ಎಂದು ಬ್ಲಾಕ್‌ಮನ್ ತಮ್ಮ ಭಿನ್ನಮತದಲ್ಲಿ ಸಿಟ್ಟಿನಿಂದ ಬರೆದರು.

1992ರ ಮೇ 20ರಂದು ಕೋಲ್ಮನ್‌ನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ಅದಕ್ಕೆ ಮೊದಲು ಟೈಮ್ ಪತ್ರಿಕೆ ಆತನ ಮುಖವನ್ನು ಮುಖಪುಟದಲ್ಲಿ ಹಾಕಿ ಈತ ನಿರಪರಾಧಿ ಇರಬಹುದು ಎಂದು ಕೇಳಿತ್ತು. ಆತ ಕೊನೆಯವರೆಗೂ ತಾನು ಮಾಡಿಲ್ಲ ಎಂದೇ ಹೇಳಿದ. 2006ರಲ್ಲಿ ವರ್ಜೀನಿಯಾದ ಗವರ್ನರರ ಆದೇಶದ ಮೇಲೆ ಹಳೆಯ ಮಾದರಿಯನ್ನು ಹೊಸ ಡಿಎನ್‌ಎ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ ಆತನೇ ಅಪರಾಧಿ ಎಂದಿತು.

ಈ ಕೊನೆಯ ಸಂಗತಿಯನ್ನು ಹಲವರು ಮುಜುಗರದಿಂದ ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಅದು ಮೇಲೆಯೇ ಇರಬೇಕು ಅನ್ನಿಸುತ್ತದೆ. ಗಡುವಿನ ಪ್ರಶ್ನೆಯನ್ನು ನಾವು ಸದಾ ನಿರಪರಾಧಿಯ ಚಿತ್ರ ಮುಂದಿಟ್ಟುಕೊಂಡೇ ಕೇಳುತ್ತೇವೆ, ಯಾಕೆಂದರೆ ಹಾಗೆ ಕೇಳಿದರೆ ಉತ್ತರ ಸುಲಭ. ಆದರೆ 1991ರಲ್ಲಿ ಕೋರ್ಟಿನ ಮುಂದಿದ್ದವರ ಕೈಯಲ್ಲಿ 2006ರ ಪರೀಕ್ಷೆ ಇರಲಿಲ್ಲ. ಮೂರು ದಿನದ ತಡ ಆತನ ಪಾಪವನ್ನಾಗಲೀ ಪುಣ್ಯವನ್ನಾಗಲೀ ಅಳೆಯಲಿಲ್ಲ. ಅಳೆಯುವ ತಕ್ಕಡಿಯನ್ನೇ ಎತ್ತಿಟ್ಟಿತು. ಹೊಸ್ಕೋಟ್ ಕೂಡ ಯಾರೂ ಕಣ್ಣೀರಿಡುವಂಥ ಕಕ್ಷಿದಾರನಲ್ಲ.

ಜಡ್ಜರ ಮೇಜಿನ ಮಾತು ಬಂತಲ್ಲ, ಅದನ್ನೂ ಬೇಗ ಹೇಳಿಬಿಡುತ್ತೇನೆ. ಓಹಾಯೋ ರಾಜ್ಯದ ಕೈದಿ ಬೌಲ್ಸ್‌ಗೆ ಅಪೀಲು ಹಾಕಲು ಜಿಲ್ಲಾ ಜಡ್ಜು ಹೆಚ್ಚುವರಿ ಕಾಲ ಕೊಟ್ಟರು. ಕಾಯಿದೆ ಕೊಡಬಹುದೆಂದದ್ದು 14 ದಿನ. ಜಡ್ಜು ಲೆಕ್ಕ ತಪ್ಪಿ 17 ದಿನ ಬರೆದುಬಿಟ್ಟರು. ಬೌಲ್ಸ್ ಜಡ್ಜರ ಆದೇಶವನ್ನು ನಂಬಿ 16ನೆಯ ದಿನ ಸಲ್ಲಿಸಿದ. 2007ರಲ್ಲಿ ಸುಪ್ರೀಂ ಕೋರ್ಟು ಐದು ನಾಲ್ಕರಲ್ಲಿ ಹೇಳಿತು: ಜಡ್ಜರ ತಪ್ಪೇ ಇರಬಹುದು, ಅಪೀಲು ಮಾತ್ರ ತಡವಾದದ್ದೇ. ಜನರನ್ನು ಹೀಗೆ ನಡೆಸಿಕೊಳ್ಳುವುದು ಸಹಿಸುವಂಥದಲ್ಲ ಎಂದು ಸೂಟರ್ ಭಿನ್ನಮತದಲ್ಲಿ ಬರೆದರು. ಅದಕ್ಕಿಂತ ಹೆಚ್ಚು ಹೇಳಬೇಕಾದದ್ದೇನೂ ನನಗೆ ತೋಚುವುದಿಲ್ಲ.

ನಮ್ಮ ಕೋರ್ಟುಗಳು ತಡದ ವಿಷಯದಲ್ಲಿ ಇಷ್ಟು ಬಿಗಿಯಲ್ಲ. ಇದರ ಹಿಂದೆಯೂ ಒಂದು ದಿನದ ಕಥೆಯಿದೆ. ರೀವಾ ಕಲ್ಲಿದ್ದಲು ಕಂಪನಿಯ ಸಿವಿಲ್ ವ್ಯಾಜ್ಯವೊಂದರಲ್ಲಿ ಅಪೀಲು ಒಂದು ದಿನ ತಡವಾಗಿತ್ತು. ಕೊನೆಯ ದಿನ ಕಾಯಿಲೆ ಬಿದ್ದಿದ್ದೆ ಎಂದು ಅಪೀಲುದಾರರು ಹೇಳಿದರು. ಹಾಗಾದರೆ ಅದಕ್ಕೆ ಹಿಂದಿನ ಅಷ್ಟೂ ದಿನ ಏನು ಮಾಡುತ್ತಿದ್ದಿರಿ ಎಂದು ಕೆಳಗಿನ ಕೋರ್ಟು ಕೇಳಿತ್ತು. 1961ರಲ್ಲಿ ಸುಪ್ರೀಂ ಕೋರ್ಟು ಆ ಪ್ರಶ್ನೆಯನ್ನೇ ತಪ್ಪೆಂದಿತು. ಗಡುವಿನ ಕೊನೆಯ ದಿನದವರೆಗೆ ಕಾಯುವುದು ಕಕ್ಷಿದಾರನ ಹಕ್ಕು. ವಿವರಣೆ ಕೊಡಬೇಕಾದದ್ದು ಆ ದಿನದಿಂದಾಚೆಗಿನ ತಡಕ್ಕೆ ಮಾತ್ರ. ತೀರ್ಪು ಬರೆದವರು ಪಿ. ಬಿ. ಗಜೇಂದ್ರಗಡ್ಕರ್, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅವರು ಕೊಟ್ಟ ಈ ಹಕ್ಕನ್ನು ಜೈಲಿನೊಳಗಿಂದ ನೋಡಿದರೆ ಏನಾಗುತ್ತದೆ? ಕೊನೆಯ ದಿನ ಅರ್ಜಿ ಕೊಡುತ್ತೇನೆ ಎನ್ನುವ ಕೈದಿ ಅದನ್ನು ಬರೆಯಲು ಕಾಗದ, ಬರೆದುಕೊಡಲು ಒಬ್ಬ, ತೆಗೆದುಕೊಳ್ಳಲು ಒಬ್ಬ ಅಧಿಕಾರಿ, ಎಲ್ಲರೂ ಅದೇ ದಿನ ಸಿಗಬೇಕೆಂದು ಹಾರೈಸಬೇಕಾಗುತ್ತದೆ.

ವಿಳಂಬವನ್ನು ಉದಾರವಾಗಿ ಮನ್ನಿಸಬೇಕು ಎಂದು ಹೇಳುವಾಗ ಇಂದು ಎಲ್ಲರೂ ಉಲ್ಲೇಖಿಸುವ ಕಾಟಿಜಿ ಪ್ರಕರಣ 1987ರದು. ಪ್ರತಿಯೊಂದು ದಿನದ ತಡಕ್ಕೂ ಲೆಕ್ಕ ಕೊಡಿ ಎನ್ನುವುದಾದರೆ ಪ್ರತಿ ಗಂಟೆಯ, ಪ್ರತಿ ಸೆಕೆಂಡಿನ ಲೆಕ್ಕವನ್ನೂ ಕೇಳಬಾರದೇಕೆ ಎಂಬರ್ಥದ ವ್ಯಂಗ್ಯ ಅದರಲ್ಲಿದೆ. ನಾಲ್ಕು ದಿನದ ತಡ ಮನ್ನಾ ಆಯಿತು. ಅಲ್ಲಿ ತಡವಾಗಿ ಬಂದಿದ್ದವರು ಯಾರು ಗೊತ್ತೇ? ಅನಂತನಾಗದ ಕಲೆಕ್ಟರು, ಅಂದರೆ ಸರ್ಕಾರ, ಭೂಸ್ವಾಧೀನದ ಪರಿಹಾರ ಹೆಚ್ಚಾಯಿತೆಂದು ತಕರಾರು ತೆಗೆದಿದ್ದ ಸರ್ಕಾರ. ತತ್ವ ಎಲ್ಲರಿಗೂ ಒಂದೇ, ನಿಜ. ಸರ್ಕಾರಿ ಕಡತ ಮೇಜಿನಿಂದ ಮೇಜಿಗೆ ನಿಧಾನವಾಗಿ ತೆವಳುತ್ತದೆ ಎಂಬುದನ್ನು ಕೋರ್ಟು ಅರ್ಥಮಾಡಿಕೊಂಡರೆ ನನ್ನ ತಕರಾರಿಲ್ಲ. ಕೈದಿಯ ಅರ್ಜಿ ಹಾದುಬರುವುದೂ ಅದೇ ಮೇಜುಗಳನ್ನು ಎಂಬುದನ್ನು ಅದರ ಪಕ್ಕದಲ್ಲೇ ಬರೆದಿಡಬೇಕು.

ಇನ್ನು ಕೃಷ್ಣ ಅಯ್ಯರ್ ಏನು ಮಾಡಿದರು ಎಂಬುದಕ್ಕೆ ಬರೋಣ. ಅವರಿಗೆ ಜೈಲು ಪುಸ್ತಕದಲ್ಲಿ ಓದಿದ ಸಂಗತಿಯಾಗಿರಲಿಲ್ಲ. 1948ರಲ್ಲಿ ಮಲಬಾರಿನಲ್ಲಿ ವಕೀಲರಾಗಿದ್ದಾಗ ಕಮ್ಯುನಿಸ್ಟರಿಗೆ ನೆರವಾದರೆಂಬ ಆರೋಪದ ಮೇಲೆ ಅವರನ್ನೇ ಒಂದು ತಿಂಗಳು ಒಳಗಿಟ್ಟಿದ್ದರು. 1957ರ ಕೇರಳದ ಮಂತ್ರಿಮಂಡಲದಲ್ಲಿ ಅವರ ಪಾಲಿಗಿದ್ದ ಖಾತೆಗಳಲ್ಲಿ ಜೈಲೂ ಒಂದು. ಸೆಲ್ಲಿನ ಒಳಗಿಂದಲೂ ಕಡತದ ಹಿಂದಿನಿಂದಲೂ ಜೈಲನ್ನು ಕಂಡ ಜಡ್ಜು ಹೊಸ್ಕೋಟ್‌ನ ಅರ್ಜಿ ಓದಿದರು.

ಹೊಸ್ಕೋಟ್‌ಗೆ ಅವರು ಕರಗಲಿಲ್ಲ. ಸುಳ್ಳು ಪದವಿಗಳನ್ನು ಸಮಾಜಕ್ಕೆ ಬಿಡಲು ಹೊರಟವನಿಗೆ ಕೋರ್ಟು ಏಳುವವರೆಗಿನ ಶಿಕ್ಷೆ ಕೊಟ್ಟ ಸೆಷನ್ಸ್ ಜಡ್ಜರ ಮೃದುತ್ವವನ್ನು ಖಾರವಾಗಿಯೇ ಟೀಕಿಸಿದರು. ತಿರುಳಿನಲ್ಲಿ ಹುರುಳಿಲ್ಲವೆಂದು ವಿಶೇಷ ಅನುಮತಿ ನಿರಾಕರಿಸಿದರು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಆ ವರ್ಷದ ಜನವರಿಯಲ್ಲಷ್ಟೇ ಮೇನಕಾ ಗಾಂಧಿ ಪ್ರಕರಣದಲ್ಲಿ, ಸ್ವಾತಂತ್ರ್ಯ ಕಸಿಯುವ ಕಾರ್ಯವಿಧಾನ ನ್ಯಾಯೋಚಿತವಾಗಿರಬೇಕೆಂದು 21ನೇ ವಿಧಿಯನ್ನು ಕೋರ್ಟು ಹಿಗ್ಗಿಸಿ ಓದಿತ್ತು. ನ್ಯಾಯೋಚಿತ ವಿಧಾನದಲ್ಲಿ ಒಂದಾದರೂ ಅಪೀಲು ಇರಬೇಕು. ಅಪೀಲು ಇದೆಯೆಂದರೆ ಅದನ್ನು ಬಳಸಲು ಬೇಕಾದದ್ದೂ ಇರಬೇಕು ಎಂಬುದು ಕೃಷ್ಣ ಅಯ್ಯರ್ ಅವರ ಮುಂದಿನ ಮೆಟ್ಟಿಲು. ಅಲ್ಲಿಂದ ಅವರು ಇಳಿದದ್ದು ಗುಮಾಸ್ತಿಕೆಯ ವಿವರಗಳಿಗೆ. ಸಜೆ ವಿಧಿಸಿದ ಕೋರ್ಟು ತೀರ್ಪಿನ ನಕಲನ್ನು ತಡಮಾಡದೆ ಪುಕ್ಕಟೆ ಕೊಡಬೇಕು. ಜೈಲಿಗೆ ಕಳಿಸಿದ ನಕಲನ್ನು ಅಧಿಕಾರಿ ಬೇಗನೆ ಕೈದಿಗೆ ಮುಟ್ಟಿಸಿ, ಮುಟ್ಟಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಬೇಕು. ಅಪೀಲು ಹಾಕಲು ಬಯಸುವ ಕೈದಿಗೆ ಜೈಲು ಎಲ್ಲ ಅನುಕೂಲ ಮಾಡಿಕೊಡಬೇಕು. ವಕೀಲನನ್ನು ಗೊತ್ತುಮಾಡಿಕೊಳ್ಳಲು ಆಗದವನಿಗೆ ಕೋರ್ಟೇ ವಕೀಲನನ್ನು ಕೊಡಬೇಕು, ಖರ್ಚು ಸರ್ಕಾರದ್ದು.

ಪಠ್ಯಪುಸ್ತಕಗಳು ಕೊನೆಯದನ್ನು ನೆನಪಿಟ್ಟುಕೊಂಡವು. ನಾನು ಎರಡನೆಯದರ ಕಟ್ಟಾ ಅಭಿಮಾನಿ. ಸಂವಿಧಾನದ 21ನೇ ವಿಧಿಯಿಂದ ಹೊರಟ ವಾದ ಬಂದು ನಿಂತದ್ದು ಒಂದು ಸ್ವೀಕೃತಿಯಲ್ಲಿ. ಟೆನೆಸೀಯ ಪುಸ್ತಕದಲ್ಲಿದ್ದದ್ದು ಹೊರಗೆ ಹೋದ ಕಾಗದದ ಸಾಲು, ಇಲ್ಲಿ ಕೇಳಿದ್ದು ಒಳಗೆ ಬಂದ ಕಾಗದದ ಸಾಲು. ಕೈದಿಯ ಹಕ್ಕಿನ ಬಗ್ಗೆ ದೊಡ್ಡ ಮಾತುಗಳು ಎಷ್ಟೋ ಬಂದಿವೆ. ಯಾವ ದಿನ, ಯಾರ ಕೈಗೆ ಎಂಬುದನ್ನು ಕೇಳಿದವರು ಕಡಿಮೆ.

ಒಂದನ್ನು ಸೇರಿಸಬೇಕು. 1898ರ ಸಂಹಿತೆಯಲ್ಲಿ ಆರೋಪಿ ಅರ್ಜಿ ಕೊಟ್ಟು ಕೇಳಿದರೆ ಮಾತ್ರ ನಕಲು ಕೊಡುತ್ತಿದ್ದರು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ 363ನೇ ಕಲಮು ಅದನ್ನು ಬದಲಿಸಿತು: ಸೆರೆವಾಸದ ಶಿಕ್ಷೆಯಾದರೆ ಕೇಳದೆಯೇ, ತೀರ್ಪು ಹೇಳಿದ ಕೂಡಲೇ, ಪುಕ್ಕಟೆ. ಹೊಸ್ಕೋಟ್‌ಗೆ ಹೈಕೋರ್ಟಿನಲ್ಲಿ ಶಿಕ್ಷೆಯಾದದ್ದು ಅದಕ್ಕೆ ಕೆಲವೇ ತಿಂಗಳ ಹಿಂದೆ. ಜೈಲು ಅಪೀಲಿನ ಮಟ್ಟಿಗೂ ಈ ಸಂಹಿತೆ ಒಂದು ಕಾವಲು ಇಟ್ಟಿತು. ಕೈದಿ ಒಳಗಿಂದ ಅರೆಬರೆ ಬರೆದು ಕಳಿಸಿದ ಅರ್ಜಿಯನ್ನು, ಅಪೀಲಿನ ಅವಧಿ ಮುಗಿಯುವ ಮೊದಲೇ ಸಾರಾಸಗಟಾಗಿ ವಜಾ ಮಾಡುವಂತಿಲ್ಲ. ಅಷ್ಟರಲ್ಲಿ ಮನೆಯವರು ವಕೀಲರ ಮೂಲಕ ಇನ್ನೊಂದು ಅಪೀಲು ತಂದಾರು ಎಂಬ ಎಣಿಕೆ.

ಇವೆಲ್ಲ ಇದ್ದೂ ಕೆಲಸ ಮುಗಿದಿಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟೇ ಸಾಕ್ಷಿ. 2024ರ ಅಕ್ಟೋಬರಿನಲ್ಲಿ, ಸುಹಾಸ್ ಚಕ್ಮಾ ಪ್ರಕರಣದಲ್ಲಿ, ಜೈಲಿನಲ್ಲಿರುವವರಿಗೆ ಕಾನೂನು ನೆರವು ಮುಟ್ಟುತ್ತಿದೆಯೇ ಎಂದು ನೋಡಿಕೊಳ್ಳಲು ಅದು ಮತ್ತೆ ಉದ್ದನೆಯ ನಿರ್ದೇಶನಗಳನ್ನು ಕೊಡಬೇಕಾಯಿತು. ಹೊಸ್ಕೋಟ್ ತೀರ್ಪಿಗೆ ಆಗ 46 ವರ್ಷ.

ನಕಲು ಕೈಗೆ ಬಂತು, ಸಹಿಯೂ ಆಯಿತು ಎಂದುಕೊಳ್ಳಿ. ಅದರಲ್ಲಿ ಏನಿದೆ ಎಂದು ಅವನಿಗೆ ತಿಳಿಯಬೇಕಲ್ಲ. ಕಲಬುರಗಿಯ ಜೈಲಿನಲ್ಲಿರುವ, ಕನ್ನಡ ಮಾತ್ರ ಬಲ್ಲವನೊಬ್ಬನಿಗೆ ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಬಂದರೆ, ತೊಂಬತ್ತು ದಿನಗಳಲ್ಲಿ ಎಷ್ಟು ದಿನ ಅದನ್ನು ಯಾರಿಂದಲಾದರೂ ಓದಿಸಿ ಅರ್ಥಮಾಡಿಕೊಳ್ಳುವುದಕ್ಕೇ ಹೋಗುತ್ತದೋ. ಇದನ್ನೂ 1898ರವರು ಯೋಚಿಸಿದ್ದರು. ಆರೋಪಿ ಬಯಸಿದರೆ ತೀರ್ಪಿನ ಅನುವಾದವನ್ನು ಅವನದೇ ಭಾಷೆಯಲ್ಲಿ ಕೊಡಬೇಕು ಎಂದು ಬರೆದು, ಅದರ ಜೊತೆಗೇ ‘ಸಾಧ್ಯವಿದ್ದರೆ’ ಎಂದು ಸೇರಿಸಿದರು. 1973ರ ಸಂಹಿತೆ ಆ ಮಾತನ್ನು ಹಾಗೆಯೇ ಉಳಿಸಿಕೊಂಡಿತು. 2024ರ ಜುಲೈ 1ರಿಂದ ನಡೆಯುತ್ತಿರುವ ಹೊಸ ಸಂಹಿತೆಯ 404ನೇ ಕಲಮಿನಲ್ಲೂ ‘ಸಾಧ್ಯವಿದ್ದರೆ’ ಎಂದೇ ಇದೆ.